‘ಘಟಶ್ರಾದ್ಧ’ ಚಿತ್ರದ ಕಥೆಯನ್ನು ಪುಟ್ಟ ಹುಡುಗನ ಕಣ್ಣಿನಿಂದಲೇ ಯಾಕೆ ತೋರಿಸಿದ್ದಾರೆ?

ಹುಡುಗನಿಗೆ ಊರಿನ ತೀರ್ಪು ಇನ್ನೂ ಅಂಟಿಕೊಂಡಿಲ್ಲ, ಅದಕ್ಕೆ. ವಿಧವೆ ಬಸುರಿಯಾದಳು ಅಂದ ಕೂಡಲೇ ದೊಡ್ಡವರು ಸರಿ-ತಪ್ಪು ಲೆಕ್ಕ ಹಾಕಲು ಶುರು ಮಾಡುತ್ತಾರೆ. ಈ ಹುಡುಗ ನಾಣಿಗೆ ಆ ಲೆಕ್ಕವೇ ಗೊತ್ತಿಲ್ಲ. ಅವನಿಗೆ ಆ ವಿಧವೆ, ಯಮುನಕ್ಕ, ಅಂದರೆ ಮನೆ ನೆನಪಾಗಿ ಅಳುವಾಗ ಹತ್ತಿರ ಕರೆದುಕೊಂಡವಳು, ಅಷ್ಟೇ.

ಗಿರೀಶ್ ಕಾಸರವಳ್ಳಿ 1977ರಲ್ಲಿ ಯು.ಆರ್. ಅನಂತಮೂರ್ತಿಯವರ ಕಥೆಯಿಂದ ಮಾಡಿದ ಕಪ್ಪು-ಬಿಳುಪು ಚಿತ್ರ ಇದು. ವೇದಪಾಠ ಕಲಿಯಲು ಬಂದ ನಾಣಿ ಗುರುಗಳಾದ ಉಡುಪರ ಮನೆಯಲ್ಲೇ ಇರುತ್ತಾನೆ. ಯಮುನಾ ಉಡುಪರ ಮಗಳು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು.

ನಾಣಿಗೆ ಗೊತ್ತಾಗುವಷ್ಟೇ ನಮಗೂ ಕಾಣುತ್ತದೆ. ಪಿಸುಮಾತು ಕೇಳುತ್ತೆ, ಅರ್ಥ ಪೂರ್ತಿ ಸಿಗಲ್ಲ. ಉಳಿದದ್ದನ್ನು ನಾವೇ ಜೋಡಿಸಿಕೊಳ್ಳಬೇಕು. ಯಮುನಾ ಸಾಯಲೆಂದು ಹಾವಿನ ಹುತ್ತದೊಳಗೆ ಕೈ ಹಾಕುವ ದೃಶ್ಯ ನೆನಪಿಸಿಕೊಳ್ಳಿ. ಪಕ್ಕದಲ್ಲಿ ಇರುವುದು ಆ ಮಗು ಒಂದೇ. ಅವನ ಭಯವೇ ನಮ್ಮ ಭಯ ಆಗುತ್ತದೆ. ಅವಳು ಮಾಡಿದ್ದು ತಪ್ಪಾ ಅಂತ ಯೋಚಿಸುವ ಪುರುಸೊತ್ತೇ ಇರಲ್ಲ, ಬದುಕಲಿ ಅನ್ನಿಸುತ್ತೆ ಅಲ್ವಾ? ನನ್ನ ಪ್ರಕಾರ ಇಡೀ ಚಿತ್ರದ ಜೀವ ಇಲ್ಲೇ ಇದೆ.

ಘಟಶ್ರಾದ್ಧ ಅಂದರೆ ಬದುಕಿರುವವರನ್ನೇ ಸತ್ತವರೆಂದು ಸಾರಿ, ಮಡಕೆ ಒಡೆದು, ಕುಲದಿಂದ ಹೊರಹಾಕುವ ಕರ್ಮ. ಉಡುಪರು ಹೆತ್ತ ಮಗಳಿಗೆ ಅದನ್ನು ಮಾಡಿ ಮುಗಿಸುತ್ತಾರೆ. ಅದೇ ಉಡುಪರು ಆಮೇಲೆ ತಾವು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಊರು ಸುಮ್ನೆ ಒಪ್ಪಿಕೊಳ್ಳುತ್ತದೆ. ಕೊನೆಯಲ್ಲಿ ಅಪ್ಪನ ಜೊತೆ ಊರು ಬಿಟ್ಟು ಹೊರಟ ನಾಣಿಗೆ ಕಾಣುವುದು, ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕೂತ ಯಮುನಕ್ಕ.