ತಮ್ಮನನ್ನು ಕೋಣೆಯಲ್ಲಿ ಕೂಡಿಹಾಕುವ ಮುನ್ನ

ಮೆಥಾಂಫೆಟಮೈನ್ ಸೇವಿಸುವ ನಿಮ್ಮ ತಮ್ಮ ಮೂರು ರಾತ್ರಿಗಳಿಂದ ನಿದ್ದೆ ಮಾಡಿಲ್ಲ, ಪರದೆ ಸರಿಸಿ ನೋಡುತ್ತಾ ಹೊರಗೆ ಯಾರೋ ಹೊಂಚು ಹಾಕುತ್ತಿದ್ದಾರೆ ಎನ್ನುತ್ತಾನೆ, ಕೋಣೆಯಲ್ಲಿ ಕೂಡಿಹಾಕಿ ಚಟ ಬಿಡಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಮಾದಕವಸ್ತು ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ಪ್ರಮಾಣವನ್ನು ವಿಪರೀತ ಹೆಚ್ಚಿಸುತ್ತದೆ. ಅದಕ್ಕೆ ನಿದ್ರಾಹೀನತೆಯೂ ಸೇರಿದಾಗ ಆ ಭಯ ಅವನಿಗೆ ನಿಜವೆಂದೇ ತೋರುವುದರಿಂದ, ನೀವು ವಾದಕ್ಕಿಳಿದರೆ ನಿಮ್ಮನ್ನೂ ಶತ್ರುಗಳ ಸಾಲಿಗೆ ಸೇರಿಸುತ್ತಾನೆ. ಮೆಲುದನಿಯಲ್ಲಿ, ಚಿಕ್ಕ ಚಿಕ್ಕ ಮಾತುಗಳಲ್ಲಿ ಮಾತನಾಡಿ, ಬಾಗಿಲಿಗೆ ಅಡ್ಡ ನಿಲ್ಲದೆ, ಇಂದೇ ಮನೋವೈದ್ಯರ ಬಳಿ ಕರೆದೊಯ್ಯಲು ಪ್ರಯತ್ನಿಸಿ. ಎದೆನೋವು, ಕೆಂಡದಂತೆ ಸುಡುವ ಮೈ, ಫಿಟ್ಸ್ ಇವುಗಳಲ್ಲಿ ಯಾವುದು ಕಂಡರೂ ಕ್ಷಣವೂ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಿರಿ.

ಮಾದಕವಸ್ತು ಸೇವನೆ ಬಿಟ್ಟ ಮೊದಲ ದಿನಗಳಲ್ಲಿ ಅವನು ಹಗಲೂ ರಾತ್ರಿ ಮಲಗಿರಬಹುದು. ಮನೆಯವರು ಅದನ್ನು ಗುಣವಾಯಿತೆಂದು ಭಾವಿಸಿ ನಿರಾಳರಾಗುತ್ತಾರೆ, ಆದರೆ ತೀವ್ರ ಖಿನ್ನತೆಯೂ ಆತ್ಮಹತ್ಯೆಯ ಆಲೋಚನೆಯೂ ಕಾಡಬಹುದಾದ ಹೊತ್ತು ಅದೇ ಆದ್ದರಿಂದ ಒಂಟಿಯಾಗಿ ಬಿಡಬೇಡಿ. ಈ ಚಟಕ್ಕೆಂದೇ ಅನುಮೋದಿತವಾದ ಔಷಧವಿಲ್ಲದಿದ್ದರೂ, ಆಪ್ತಸಮಾಲೋಚನೆ ಹಾಗೂ ಸೇವಿಸದೆ ಕಳೆದ ಒಂದೊಂದು ಹಂತಕ್ಕೂ ಬಹುಮಾನ ನೀಡುವ ಚಿಕಿತ್ಸಾಕ್ರಮ ಅನೇಕರಿಗೆ ಫಲ ಕೊಟ್ಟಿವೆ. ಮುಚ್ಚಿಡಬೇಕೆನಿಸುವುದು ಸಹಜ, ಆದರೂ ನಂಬಿಕೆಯ ಇಬ್ಬರಿಗಾದರೂ ವಿಷಯ ತಿಳಿಸಿ. ರಾತ್ರಿಯೆಲ್ಲ ಎಚ್ಚರವಿದ್ದು ನೋಡಿಕೊಳ್ಳಲು ನೀವೊಬ್ಬರೇ ಸಾಲುವುದಿಲ್ಲ.