ಹಳೆಯ .22 ರೈಫಲ್‌ಗೆ ಸ್ಕೋಪ್ ಸಮೇತ 85,000 ಕೇಳುತ್ತಿದ್ದಾರೆ, ನ್ಯಾಯವಾದ ಬೆಲೆಯಾ?

ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ 2016ರ ಜೂನ್ ತಿಂಗಳ ಒಂದು ಸಂಜೆ ನೆನಪಾಯಿತು. ಕೇರಳದ ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಒಳಗೆ ಒಂದು ಹಳೆಯ ಮನೆಯ ಜಗಲಿ. ಹೊರಗೆ ಜಡಿಮಳೆ, ಒಳಗೆ ಕರೆಂಟ್ ಇಲ್ಲ. ವಿಧಾನಸಭೆ ಚುನಾವಣೆ ಮುಗಿದು ಠಾಣೆಯಲ್ಲಿಟ್ಟ ಕೋವಿಗಳೆಲ್ಲ ಆಗಷ್ಟೇ ಮನೆಗೆ ವಾಪಸ್ ಬಂದಿದ್ದವು. ನನಗೂ ಹೊಸದಾಗಿ ಲೈಸೆನ್ಸ್ ಆಗಿತ್ತು. ನೀವು ಬರೆದ ಹಾಗೆಯೇ, ಮಾರುವವರು ಹಿರಿಯರು, ಒಳ್ಳೆಯ ಮನುಷ್ಯರು, ಕೋವಿ "ಜಾಸ್ತಿ ಬಳಸಿದ್ದೇ ಅಲ್ಲ" ಅಂದರು. ಅವರು ಹೇಳಿದ ಬೆಲೆ 72,000. ಅದರಲ್ಲಿ ಸ್ಕೋಪಿಗೇ, ಅಂದರೆ ಗುರಿ ನೋಡುವ ದುರ್ಬೀನಿಗೇ, 20,000 ಅಂತ ಲೆಕ್ಕ.

ಕೋವಿ ಕೈಗೆ ಬಂದದ್ದೇ ಸ್ಕೋಪಿಗೆ ಕಣ್ಣಿಟ್ಟೆ. ಅಂಗಳದಾಚೆ ತೋಟ ಇಳಿಜಾರಿನಲ್ಲಿತ್ತು. ಆ ಮಬ್ಬು ಬೆಳಕಿನಲ್ಲೂ ದೂರದ ಅಡಕೆ ಮರದ ಕೊನೆ ಎಷ್ಟು ಹತ್ತಿರ ಕಂಡಿತೆಂದರೆ, ಕಾಯಿಯ ತುದಿಯಲ್ಲಿ ನಿಂತ ನೀರ ಹನಿ ಕಾಣುತ್ತಿತ್ತು. ಅಲ್ಲೇ ನನ್ನ ಮನಸ್ಸು ಒಪ್ಪಿಬಿಟ್ಟಿತು. ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಚಿಲಕ, ಎರಡು ಸಲ ಎಳೆದು ನೋಡಿದೆ, ನುಣ್ಣಗಿತ್ತು. ಮರದ ಭಾಗಕ್ಕೆ ಎಣ್ಣೆ ಹಾಕಿ ಉಜ್ಜಿದ್ದರು. ಅಷ್ಟಕ್ಕೇ ಮುಂಗಡ ಕೊಟ್ಟು ಬಂದೆ.

ನನ್ನ ತಪ್ಪು ಇಲ್ಲೇ ಆದದ್ದು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಿಮಗೆ ಬೇಕಾದದ್ದು ಇದೊಂದೇ. ಬೋಲ್ಟನ್ನು ಪೂರ್ತಿ ಹೊರಗೆ ತೆಗೆದು, ಟಾರ್ಚ್ ಹಾಕಿ, ಚೇಂಬರಿನ (ನಳಿಗೆಯ ಹಿಂದಿನ ತುದಿಯಲ್ಲಿ ತೋಟೆ ಕೂರುವ ಜಾಗ) ಬಾಯಿಯನ್ನು ನಾನು ನೋಡಲಿಲ್ಲ.

.22 ತೋಟೆ ರಿಮ್‌ಫೈರ್. ದೊಡ್ಡ ರೈಫಲ್ ತೋಟೆಗಳಲ್ಲಿ ಹಿಂಬದಿಯ ನಡುವೆ ಒಂದು ಕ್ಯಾಪ್ ಇರುತ್ತದೆ, ಟ್ರಿಗ್ಗರ್ ಎಳೆದಾಗ ಬೋಲ್ಟಿನೊಳಗಿನ ಪಿನ್ ಅದಕ್ಕೆ ಬಡಿಯುತ್ತದೆ. ಇದರಲ್ಲಿ ಕ್ಯಾಪ್ ಇಲ್ಲ. ಕಿಡಿ ಹೊತ್ತುವ ಮದ್ದು ತೋಟೆಯ ಹಿಂಬದಿಯ ಅಂಚಿನ ಒಳಗೇ, ಸುತ್ತ ಇರುತ್ತದೆ. ಪಿನ್ ಬಂದು ಆ ಅಂಚನ್ನು ಚೇಂಬರಿನ ಬಾಯಿಗೆ ಒತ್ತಿ ಜಜ್ಜುತ್ತದೆ, ಆಗ ಈಡು ಹಾರುತ್ತದೆ. ಅಂದರೆ ಪಿನ್ ಸುತ್ತಿಗೆಯಾದರೆ ಚೇಂಬರಿನ ಬಾಯಿ ಅಡಿಗಲ್ಲು. ನಡುವೆ ತೋಟೆ ಇಲ್ಲದೆ ಟ್ರಿಗ್ಗರ್ ಎಳೆದರೆ? ಕೆಲವು ಕೋವಿಗಳಲ್ಲಿ ಪಿನ್ ಅಲ್ಲಿಯವರೆಗೆ ಮುಟ್ಟದ ಹಾಗೆ ತಡೆ ಇರುತ್ತದೆ. ಇಲ್ಲದ ಕೋವಿಯಲ್ಲಿ, ಅಥವಾ ಆ ತಡೆ ಸವೆದ ಕೋವಿಯಲ್ಲಿ, ಪಿನ್ ನೇರ ಹೋಗಿ ಚೇಂಬರಿನ ಬಾಯಿಗೇ ಹೊಡೆಯುತ್ತದೆ. ಒಂದೆರಡು ಸಲಕ್ಕೆ ಏನೂ ಕಾಣದು. ವರ್ಷಗಟ್ಟಲೆ ಮನೆಗೆ ಬಂದವರೆಲ್ಲ "ಟ್ರಿಗ್ಗರ್ ಹೇಗುಂಟು ನೋಡುವಾ" ಅಂತ ಟಕ್ ಟಕ್ ಎಳೆದರೆ ಅಲ್ಲಿ ಒಂದು ಗುಳಿ ಬೀಳುತ್ತದೆ. ಗುಳಿಯಿಂದ ಹೊರಟ ಕಬ್ಬಿಣ ಚೇಂಬರಿನ ಒಳಕ್ಕೆ ಸಣ್ಣ ಮುಳ್ಳಿನ ಹಾಗೆ ಚಾಚುತ್ತದೆ. ತೋಟೆ ಪೂರ್ತಿ ಒಳಗೆ ಕೂರುವುದಿಲ್ಲ. ಕೂತರೂ ಹಾರಿದ ಮೇಲೆ ಖಾಲಿ ಕೇಸ್, ಅಂದರೆ ತೋಟೆಯ ಹಿತ್ತಾಳೆ ಕವಚ, ಹೊರಗೆ ಬರುವುದಿಲ್ಲ. ಅಡಿಗಲ್ಲೇ ತಗ್ಗಿದ್ದರಿಂದ ಪಿನ್ನಿನ ಪೆಟ್ಟೂ ಸರಿ ಬೀಳುವುದಿಲ್ಲ.

ಇಷ್ಟೇ ಆಗಿದ್ದರೆ ರಿಪೇರಿ ಇದೆ. ಆ ಮುಳ್ಳನ್ನು ಒತ್ತಿ ಹಿಂದಕ್ಕೆ ಕೂರಿಸುವ ಒಂದು ಸಾಧನ ತಿಳಿದವರ ಹತ್ತಿರ ಇರುತ್ತದೆ. ನನ್ನ ಕೋವಿಗೆ ಯಾರೋ ಅರ ಹಾಕಿದ್ದರು. ಮುಳ್ಳಿನ ಜೊತೆ ಸುತ್ತಲಿನ ಕಬ್ಬಿಣವೂ ಹೋಗಿತ್ತು.

ನನಗೆ ಇದು ಗೊತ್ತಾದದ್ದು ದುಡ್ಡೆಲ್ಲ ಕೊಟ್ಟ ಮೇಲೆ. ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಾಯಬೇಕು, ಅದು ಕಾನೂನು. ಆ 45 ದಿನದಲ್ಲಿ ಒಂದು ದಿನ, ಬಿಸಿಲು ಬಂದಾಗ, ಮತ್ತೆ ಹೋಗಿ ನೋಡಬಹುದಿತ್ತು. ಹೋಗಲಿಲ್ಲ. ಕೋವಿ ನನ್ನ ಲೈಸೆನ್ಸಿಗೆ ಏರಿದ ಮೇಲೆ ಗುರಿ ಅಭ್ಯಾಸದ ರೇಂಜಿಗೆ ತೆಗೆದುಕೊಂಡು ಹೋದೆ. ಮೂರನೆಯ ತೋಟೆ ಹಾರಲೇ ಇಲ್ಲ. ಐದನೆಯದು ಹಾರಿತು, ಕೇಸ್ ಅಲ್ಲೇ ಕಚ್ಚಿಕೊಂಡಿತು. ನಳಿಗೆಯ ಮುಂದಿನಿಂದ ಸರಳು ಹಾಕಿ ತಳ್ಳಿ ತೆಗೆಯಬೇಕಾಯಿತು. ಕೈಯಲ್ಲಿ ಹಿಡಿದು ನೋಡಿದರೆ ಅಂಚಿನ ಹತ್ತಿರ ಒಂದು ಕಡೆ ಹಿತ್ತಾಳೆ ಉಬ್ಬಿತ್ತು, ಅಕ್ಕಿಕಾಳಿನಷ್ಟು. ಕಬ್ಬಿಣದ ಆಸರೆ ಇಲ್ಲದ ಕಡೆ ಒತ್ತಡಕ್ಕೆ ಹಿತ್ತಾಳೆ ಹಾಗೆ ಉಬ್ಬುತ್ತದೆ. ಇನ್ನೂ ಸ್ವಲ್ಪ ಜಾಸ್ತಿಯಾದರೆ ಕೇಸ್ ಒಡೆದು ಬಿಸಿ ಗಾಳಿ ಮುಖಕ್ಕೇ ಬರುತ್ತದೆ. ಅವತ್ತು ಕನ್ನಡಕ ಹಾಕಿದ್ದೆ, ಅದಕ್ಕೆ ಈಗಲೂ ದೇವರಿಗೆ ಕೈಮುಗಿಯುತ್ತೇನೆ.

ನಮ್ಮ ಊರಿನಿಂದ ಮಂಗಳೂರು ಹತ್ತಿರ. ಆದರೆ ನನ್ನ ಲೈಸೆನ್ಸ್ ಕೇರಳದೊಳಗೆ ಮಾತ್ರ. ಕೋವಿ ಹಿಡಿದು ಗಡಿಯ ತಲಪಾಡಿ ದಾಟುವ ಹಾಗಿಲ್ಲ. ಕಣ್ಣೂರಿನ ಕಡೆ ಒಬ್ಬ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಹೋದೆ. ಅವರು ಬೋಲ್ಟ್ ತೆಗೆದು, ಟಾರ್ಚ್ ಹಾಕಿ, ಹಲ್ಲುಕಡ್ಡಿಯ ತುದಿಯನ್ನು ಚೇಂಬರಿನ ಅಂಚಿಗೆ ತಾಗಿಸಿ ಒಂದು ಸುತ್ತು ಎಳೆದರು. ಒಂದು ಜಾಗದಲ್ಲಿ ಕಡ್ಡಿ ಟಕ್ಕೆಂದು ಇಳಿಯಿತು. ಆ ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, ನೀವೂ ಎಳೆದು ನೋಡಿ ಅಂದರು. ಅರ್ಧ ನಿಮಿಷದ ಕೆಲಸ. ನಳಿಗೆ ಬದಲಿಸದೆ ಇದರಲ್ಲಿ ಹೊಡೆಯಬೇಡಿ ಅಂತ ಹೇಳಿ ವಾಪಸ್ ಕೊಟ್ಟರು. ಈಗಲೂ ಅದು ಬೀರುವಿನಲ್ಲಿದೆ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಕೊಂಡುಹೋಗಿ ಇಡುತ್ತೇನೆ, ಮತ್ತೆ ತರುತ್ತೇನೆ.

ಇನ್ನು ನಿಮ್ಮ ಪ್ರಶ್ನೆಗೆ. "ಸ್ಕೋಪ್ ಸಮೇತ ಎಷ್ಟು" ಅನ್ನುವ ಲೆಕ್ಕವೇ ತಪ್ಪು ಅಂತ ನನ್ನ ಅಭಿಪ್ರಾಯ. ಸ್ಕೋಪ್ ಬಿಚ್ಚಿಡಲು ಹೇಳಿ, ಬರೀ ಕೋವಿಯ ಬೆಲೆ ಕೇಳಿ. ಬಿಚ್ಚಿದರೆ ಇನ್ನೊಂದು ಲಾಭ, ಅದರ ಕೆಳಗೆ ತುಕ್ಕು ಇದ್ದರೆ ಕಾಣುತ್ತದೆ. ನಮ್ಮ ಕರಾವಳಿಯ ಮಳೆಗೆ ಸ್ಕೋಪಿನ ಗಾಜಿನ ಒಳಗೆ ಬೂಸ್ಟು ಹಿಡಿಯುತ್ತದೆ. ಮುಂದಿನ ಗಾಜಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಆ ಸ್ಕೋಪಿಗೆ ನಾನು ಒಂದು ರೂಪಾಯಿಯೂ ಕೊಡುವುದಿಲ್ಲ. 3-9x40 ಅಂತ ಬರೆದಿದ್ದರೆ ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್ ಅಂತ ಮಾತ್ರ ಅರ್ಥ. ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಚೆನ್ನಾಗಿದ್ದರೂ ಹೊಸದರ ಮೂರನೇ ಒಂದು ಪಾಲು ಸಾಕು.

ನಳಿಗೆಯ ವಿಷಯ ಬೇಗ ಹೇಳುತ್ತೇನೆ. .22ರ ಮೆತ್ತಗಿನ ಸೀಸ ನಳಿಗೆಯನ್ನು ಸವೆಸುವುದು ಕಡಿಮೆ. ಅದು ಹಾಳಾಗುವುದು ಹೆಚ್ಚಾಗಿ ತುಕ್ಕಿನಿಂದ ಮತ್ತು ಮುಂದಿನ ತುದಿಯಿಂದ ಸರಳು ಹಾಕಿ ಒರಟಾಗಿ ತಿಕ್ಕುವುದರಿಂದ. ಎಣ್ಣೆ ಒರೆಸಿ ಒಣಗಿಸಿದ ಮೇಲೆಯೇ ನೋಡಿ, ಎಣ್ಣೆ ಇದ್ದರೆ ಎಲ್ಲ ನಳಿಗೆಯೂ ಹೊಳೆಯುತ್ತದೆ. ತೋಟೆ ತುಂಬುವ ಮ್ಯಾಗಜಿನ್ ಇದೆಯಾ ಕೇಳಿ, ಹಳೆಯ ವಿದೇಶಿ ಕೋವಿಗೆ ಅದನ್ನು ಹುಡುಕುವುದೇ ದೊಡ್ಡ ಕಷ್ಟ. ಕೋವಿಯ ನಂಬರ್ ಮಾರುವವರ ಲೈಸೆನ್ಸಿನಲ್ಲಿರುವುದಕ್ಕೆ ಹೊಂದುತ್ತದಾ ನೋಡಿ. ಆಮೇಲೆ ರೇಂಜಿನಲ್ಲಿ ಅವರೇ ಹೊಡೆಯಲಿ, ನೀವು ಪಕ್ಕದಲ್ಲಿ ನಿಂತು ಪ್ರತಿ ಖಾಲಿ ಕೇಸನ್ನೂ ಹೆಕ್ಕಿ ನೋಡಿ. 50 ಮೀಟರಿನಲ್ಲಿ ಐದು ಗುಂಡು ಹತ್ತು ರೂಪಾಯಿ ನಾಣ್ಯದ ಅಗಲದೊಳಗೆ ಬಿದ್ದರೆ ಒಳ್ಳೆಯ ನಳಿಗೆ.

ಬ್ರನೋ (ಚೆಕ್ ದೇಶದ ಕಂಪನಿಯ ಕೋವಿ) ಆದ್ದರಿಂದ ಬೆಲೆ ಜಾಸ್ತಿ ಅಂತ ಅವರು ಹೇಳಿದ್ದಾಗಿ ಬರೆದಿದ್ದೀರಿ. 1980ರ ದಶಕದಲ್ಲಿ ಸಾಮಾನ್ಯರಿಗೆ ವಿದೇಶಿ ಕೋವಿ ತರಿಸುವ ದಾರಿ ಮುಚ್ಚಿದ ಮೇಲೆ ಅವುಗಳ ಬೆಲೆ ಏರಿದ್ದು ನಿಜ. ಆದರೆ ಆ ಬೆಲೆ ಅಂಥ ಕೋವಿ ಸುಲಭಕ್ಕೆ ಸಿಗದೇ ಇರುವುದಕ್ಕೆ, ಕೋವಿಯ ಸ್ಥಿತಿಗಲ್ಲ. ಚೇಂಬರ್ ಹೋಗಿದ್ದರೆ ಬ್ರನೋ ಆದರೂ ಅಷ್ಟೇ.

ಕೊನೆಗೆ, ತೋಟಕ್ಕೆ ಬರುವ ಹಂದಿಗೆ, ಮಂಗನಿಗೆ ಅಂತ ಬರೆದಿದ್ದೀರಿ. ಆ ಕಾರಣಕ್ಕಾದರೆ ಈ ಕೋವಿ ಯಾವ ಬೆಲೆಗೂ ಬೇಡ. ಮಂಗನಿಗೆ ಹೊಡೆಯುವುದು ಅಪರಾಧ. ಹಂದಿಗೂ ಪಂಚಾಯತ್ ಅಧ್ಯಕ್ಷರ ಆದೇಶ ಬೇಕು, ಕೇರಳದಲ್ಲಿ 2022ರಲ್ಲಿ ಆ ಅಧಿಕಾರ ಅವರಿಗೆ ಕೊಟ್ಟರು. ಆದೇಶ ಸಿಕ್ಕಿದರೂ .22ರ 2.6 ಗ್ರಾಂ ಸೀಸದ ಗುಂಡಿಗೆ ಹಂದಿ ಬೀಳುವುದಿಲ್ಲ. ಗಾಯ ಹೊತ್ತು ಓಡಿ ಎಲ್ಲೋ ಹಳ್ಳದ ಬದಿಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ತಪ್ಪಿದ ಗುಂಡು ಒಂದೂವರೆ ಕಿಲೋಮೀಟರ್ ಆಚೆಗೂ ಹೋಗಬಲ್ಲದು, ನಮ್ಮಲ್ಲಿ ಅಷ್ಟು ದೂರದಲ್ಲಿ ಎಷ್ಟು ಮನೆ ಇರುತ್ತದೆ ನಿಮಗೇ ಗೊತ್ತಲ್ವಾ. ರೇಂಜಿನಲ್ಲಿ ಗುರಿ ಕಲಿಯಲಿಕ್ಕಾದರೆ ಖಂಡಿತ ತೆಗೆದುಕೊಳ್ಳಿ. ಆದರೆ 50 ಮೀಟರ್ ರೈಫಲ್ ಸ್ಪರ್ಧೆಗೆ ಸ್ಕೋಪ್ ಬಿಡುವುದೇ ಇಲ್ಲ, ಅದಕ್ಕೂ ಸೇರಿಸಿ ಯಾಕೆ ದುಡ್ಡು ಕೊಡುತ್ತೀರಿ?

ಮುಂಗಡ ಕೊಟ್ಟಿಲ್ಲ ತಾನೇ? ಬಿಸಿಲಿರುವ ದಿನ ಹೋಗಿ. ಟಾರ್ಚ್, ಒಂದು ಹಲ್ಲುಕಡ್ಡಿ ಜೇಬಿನಲ್ಲಿರಲಿ. ತೋಟೆ ಇಲ್ಲ ಅಂತ ಮೊದಲು ನೋಡಿಕೊಂಡು, ಬೋಲ್ಟ್ ತೆಗೆಸಿ, ಚೇಂಬರಿನ ಬಾಯಿಯ ಒಂದು ಫೋಟೋ ಹತ್ತಿರದಿಂದ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.