ಓದುಗರ ಪ್ರಶ್ನೆ, ನಮ್ಮ ಉತ್ತರ: ದೂರ ಹೋದಂತೆ ಸೊರಗುವ ಮಾದರಿ ರೈಲು

ಪ್ರಶ್ನೆ: ಕೋಣೆಯ ಮೂರು ಗೋಡೆಗಳ ಉದ್ದಕ್ಕೂ ಎಚ್‌ಒ ಅಳತೆಯ (ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ಗಾತ್ರದ) ಮಾದರಿ ರೈಲುಮಾರ್ಗ ಹಾಕಿದ್ದೇನೆ. ಪವರ್ ಪ್ಯಾಕ್‌ನ ವೈರುಗಳು ಸೇರುವ ಜಾಗದಲ್ಲಿ ಎಂಜಿನ್ ಚೆನ್ನಾಗಿ ಓಡುತ್ತದೆ. ದೂರ ಸರಿದಂತೆ ಅದರ ವೇಗ ಕುಗ್ಗುತ್ತದೆ, ಕೊನೆಯ ತಿರುವಿನಲ್ಲಿ ನಿಂತೇ ಬಿಡುತ್ತದೆ. ಆದರೆ ಎಂಜಿನ್ ಎತ್ತಿಟ್ಟು ಮಲ್ಟಿಮೀಟರ್‌ನಲ್ಲಿ ಅಳೆದರೆ ಅಲ್ಲಿಯೂ ಪೂರ್ತಿ 12 ವೋಲ್ಟ್ ಇರುತ್ತದೆ. ಮೋಟಾರನ್ನು ಬದಲಾಯಿಸಬೇಕೇ?

ಉತ್ತರ: ದಯವಿಟ್ಟು ಮೋಟಾರಿಗೆ ಕೈ ಹಾಕಬೇಡಿ. ಒಂದೇ ಎಂಜಿನ್ ಒಂದು ಕಡೆ ಚೆನ್ನಾಗಿ ಓಡಿ ಇನ್ನೊಂದು ಕಡೆ ಸೊರಗುತ್ತದೆ ಎಂದಾದರೆ ದೋಷವಿರುವುದು ವಿದ್ಯುತ್ತು ಅದನ್ನು ತಲುಪುವ ದಾರಿಯಲ್ಲಿ. ಈ ಹವ್ಯಾಸದಲ್ಲಿ ಒಳ್ಳೆಯ ಎಂಜಿನ್‌ಗಳು ಹೆಚ್ಚಾಗಿ ಹಾಳಾಗುವುದು ಇಂತಹ ಅನುಮಾನಕ್ಕೆ ಬಲಿಯಾಗಿ ಬಿಚ್ಚಿಸಿಕೊಂಡಾಗಲೇ.

ನಿಮ್ಮ ಮಲ್ಟಿಮೀಟರ್ ತೋರಿಸಿದ ಅಂಕಿ ಸರಿಯಾಗಿಯೇ ಇದೆ, ಅಳೆದ ಸಂದರ್ಭ ಮಾತ್ರ ಸರಿಯಿಲ್ಲ. ಹಳಿಯ ಮೇಲೆ ಎಂಜಿನ್ ಇಲ್ಲದಿರುವಾಗ ಕರೆಂಟು ಹರಿಯುವುದೇ ಇಲ್ಲವಾದ್ದರಿಂದ, ಹಳಿ ತುಂಡುಗಳ ನಡುವಿನ ಎಷ್ಟೇ ಸಡಿಲವಾದ ಜೋಡಣೆಯ ಆಚೆಗೂ ಪೂರ್ತಿ ವೋಲ್ಟೇಜ್ ಕಾಣುತ್ತದೆ; ಎಂಜಿನ್ ಇಟ್ಟು ಕರೆಂಟು ಹರಿಯತೊಡಗಿದೊಡನೆ ಪ್ರತಿಯೊಂದು ಜೋಡಣೆಯ ಪ್ರತಿರೋಧವೂ ತನ್ನ ಪಾಲನ್ನು ಕಡಿದುಕೊಳ್ಳುತ್ತದೆ. ಹತ್ತು ಜೋಡಣೆಗಳಲ್ಲಿ ತಲಾ 0.2 ವೋಲ್ಟ್ ಹೋದರೂ ಎರಡು ವೋಲ್ಟ್ ಕಳೆಯಿತು. ಮರಳಿ ಬರುವ ಹಳಿಯೂ ಹಾಗೆಯೇ ಇದ್ದರೆ ನಾಲ್ಕು ವೋಲ್ಟ್. ಇದಕ್ಕೆ ಹಳಿಯ ಲೋಹದ ಗುಣವೂ ಸೇರಿಕೊಳ್ಳುತ್ತದೆ. ಇಂದಿನ ಹಳಿಗಳನ್ನು ಹೆಚ್ಚಾಗಿ ತಾಮ್ರ, ನಿಕ್ಕಲ್ ಮತ್ತು ಸತು ಸೇರಿದ ಮಿಶ್ರಲೋಹದಿಂದ ಮಾಡುತ್ತಾರೆ. ವಿದ್ಯುತ್ತನ್ನು ಹರಿಸುವ ಅದರ ಶಕ್ತಿ ಶುದ್ಧ ತಾಮ್ರದ ಹತ್ತನೇ ಒಂದು ಭಾಗದಷ್ಟೂ ಇಲ್ಲ.

ದೋಷವಿರುವ ಜೋಡಣೆಯನ್ನು ಹುಡುಕುವುದು ಕಷ್ಟವಲ್ಲ. ವಾಹನಗಳಲ್ಲಿ ಬಳಸುವ 12 ವೋಲ್ಟ್, 5 ವ್ಯಾಟ್‌ನ ಸಣ್ಣ ಬಲ್ಬನ್ನು ಮಾರ್ಗದ ಕಟ್ಟಕಡೆಯಲ್ಲಿ ಎರಡೂ ಹಳಿಗಳಿಗೆ ಸೇರಿಸಿ, ಪವರ್ ಪ್ಯಾಕ್‌ನ ಗುಂಡಿಯನ್ನು ಪೂರ್ತಿ ತಿರುಗಿಸಿ. ಬಲ್ಬು ಸುಮಾರು 0.4 ಆಂಪಿಯರ್ ಎಳೆಯುತ್ತದೆ. ಎಂಜಿನ್ ಓಡುತ್ತಿರುವಂತಹ ಹೊರೆಯೇ ಅದು. ಈಗ ಮಲ್ಟಿಮೀಟರನ್ನು ಡಿಸಿ (ನೇರ ವಿದ್ಯುತ್ತು) ವೋಲ್ಟ್‌ಗೆ ಇಟ್ಟು, ಅದರ ಎರಡೂ ಮೊನೆಗಳನ್ನು ಒಂದೇ ಹಳಿಯ ಮೇಲೆ, ಜೋಡಣೆಯ ಆಚೆಗೊಂದು ಈಚೆಗೊಂದರಂತೆ ಒತ್ತಿ ಹಿಡಿಯಿರಿ. ಜೋಡಣೆ ಗಟ್ಟಿಯಾಗಿದ್ದರೆ ಸೊನ್ನೆಗೆ ಹತ್ತಿರದ ಅಂಕಿ ಬರುತ್ತದೆ; 0.3 ಅಥವಾ 0.5 ಎಂದು ತೋರಿಸಿತೆಂದರೆ ಕಳ್ಳ ಸಿಕ್ಕಿದ ಹಾಗೆಯೇ. ಹೀಗೆ ಒಂದೊಂದನ್ನೂ ಅಳೆದು ಗುರುತು ಹಾಕಿಕೊಳ್ಳಿ.

ಅಳತೆಯ ನಂತರವೇ ದುರಸ್ತಿ. ಹಳಿಯ ತುದಿಗಳನ್ನು ಕೂಡಿಸುವ ಲೋಹದ ತುಂಡಾದ ಜಾಯಿನರ್ ಸಡಿಲವಾಗಿದ್ದರೆ ಅದನ್ನು ಇಕ್ಕಳದಿಂದ ಬಿಗಿ ಮಾಡಿದರೆ ಸದ್ಯಕ್ಕೆ ಸರಿಹೋಗುತ್ತದೆ, ಆದರೆ ಕರೆಂಟನ್ನು ಸಾಗಿಸುವ ಕೆಲಸವನ್ನು ಜಾಯಿನರ್‌ಗಳಿಗೆ ವಹಿಸುವುದೇ ತಪ್ಪೆಂಬುದು ನನ್ನ ಅಭಿಪ್ರಾಯ. ಹಲಗೆಯ ಕೆಳಗೆ ಮಾರ್ಗದ ಉದ್ದಕ್ಕೂ 1.5ರಿಂದ 2.5 ಚದರ ಮಿಲಿಮೀಟರ್ ದಪ್ಪದ ಎರಡು ತಾಮ್ರದ ವೈರುಗಳನ್ನು ಎಳೆದು, ಅವುಗಳಿಂದ ಸುಮಾರು ಒಂದು ಮೀಟರಿಗೊಮ್ಮೆ ಎರಡೂ ಹಳಿಗಳಿಗೆ ಗೇಣುದ್ದದ ತೆಳು ವೈರುಗಳನ್ನು ಬೆಸೆಯಿರಿ. ಒಂದು ಹಳಿಗೆ ಕೆಂಪು, ಇನ್ನೊಂದಕ್ಕೆ ಕಪ್ಪು ಎಂಬ ನಿಯಮವನ್ನು ಎಲ್ಲಿಯೂ ಮುರಿಯಬೇಡಿ. ಬೆಸುಗೆಯನ್ನು ಹಳಿಯ ಹೊರಬದಿಗೇ ಹಾಕಬೇಕು, ಏಕೆಂದರೆ ಒಳಬದಿಯಲ್ಲಿ ಚಕ್ರದ ಅಂಚು ಅದಕ್ಕೆ ತಗಲುತ್ತದೆ. ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್‌ನಲ್ಲಿ ಆಮ್ಲವಿದ್ದರೆ ಅದು ಕಾಲಕ್ರಮೇಣ ಲೋಹವನ್ನು ತಿನ್ನುವುದರಿಂದ ರಾಳದ ಫ್ಲಕ್ಸನ್ನೇ ಬಳಸಿ. ಬೆಸೆಯುವ ಉತ್ಸಾಹದಲ್ಲಿ ಹಳಿಗಳ ಜೋಡಣೆಗಳನ್ನೆಲ್ಲ ಬೆಸೆದುಬಿಡಬೇಡಿ. ಹವೆಯ ತೇವಕ್ಕೆ ಮರದ ಹಲಗೆ ಹಿಗ್ಗಿ ಕುಗ್ಗುವಾಗ ಹಳಿ ಸರಿದಾಡಲು ಅಲ್ಲಲ್ಲಿ ಸಂದು ಉಳಿದಿರಬೇಕು.

ಮುಂದೆ ಡಿಸಿಸಿಗೆ, ಅಂದರೆ ಪ್ರತಿ ಎಂಜಿನ್‌ಗೂ ಹಳಿಯ ಮೂಲಕವೇ ಡಿಜಿಟಲ್ ಆದೇಶ ಕಳಿಸುವ ವ್ಯವಸ್ಥೆಗೆ, ಬದಲಾಗುವ ಯೋಚನೆಯಿದ್ದರೆ ಈ ವೈರಿಂಗ್ ಅನಿವಾರ್ಯ. ಅಲ್ಲಿ ಹಳಿಗೆ ವಿದ್ಯುತ್ತು ಒದಗಿಸುವ ಬೂಸ್ಟರ್ ಹಲವು ಆಂಪಿಯರ್ ಕೊಡಬಲ್ಲದು. ಅತ್ಯಂತ ದೂರದ ತುಂಡಿನಲ್ಲಿ ನಾಣ್ಯವೊಂದನ್ನು ಎರಡೂ ಹಳಿಗಳಿಗೆ ತಾಗುವಂತೆ ಇಟ್ಟಾಗ ಬೂಸ್ಟರ್ ತಕ್ಷಣ ಕಡಿತಗೊಳ್ಳಬೇಕು. ಹಾಗಾಗದಿದ್ದರೆ, ಹಳಿ ತಪ್ಪಿದ ಎಂಜಿನ್ ಮೂಲಕ ಅಷ್ಟೂ ಕರೆಂಟು ಹರಿದು ಚಕ್ರಗಳನ್ನೂ ಪ್ಲಾಸ್ಟಿಕ್ಕನ್ನೂ ಕರಗಿಸಬಹುದು.

ಪ್ರಶ್ನೆ: ರೈಲು ತಿರುಗಿ ಬಂದು ಅದೇ ಮಾರ್ಗವನ್ನು ಸೇರುವಂತೆ ಕುಣಿಕೆಯಾಕಾರದ ಲೂಪ್ ಹಾಕಿದೆ. ಹಳಿಯನ್ನು ಕೂಡಿಸಿದೊಡನೆ ಶಾರ್ಟ್ ಆಗುತ್ತದೆ. ವೈರುಗಳನ್ನೆಲ್ಲ ಪರೀಕ್ಷಿಸಿದರೂ ತಪ್ಪು ಸಿಗಲಿಲ್ಲ.

ಉತ್ತರ: ತಪ್ಪು ವೈರುಗಳಲ್ಲಿಲ್ಲ, ಮಾರ್ಗದ ಆಕಾರದಲ್ಲಿದೆ. ಎಡಹಳಿಯ ಮೇಲೆ ಬೆರಳಿಟ್ಟು ಲೂಪನ್ನು ಸುತ್ತಿ ಬನ್ನಿ. ಬೆರಳು ಬಲಹಳಿಗೆ ಬಂದು ಮುಟ್ಟುತ್ತದೆ. ಅಂದರೆ ಧನ ಹಳಿ ಋಣ ಹಳಿಯನ್ನು ಸೇರುತ್ತದೆ, ಶಾರ್ಟ್ ಆಗುವುದು ಅದಕ್ಕೇ. ಲೂಪಿನ ಎರಡೂ ತುದಿಗಳಲ್ಲಿ ಎರಡೂ ಹಳಿಗಳನ್ನು ಪ್ಲಾಸ್ಟಿಕ್ ಜಾಯಿನರ್‌ಗಳಿಂದ ಬೇರ್ಪಡಿಸಿ. ಹೀಗೆ ಬೇರ್ಪಟ್ಟ ತುಂಡು ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಬೇಕು. ಇಲ್ಲದಿದ್ದರೆ ಎರಡು ತುದಿಗಳ ಸಂದುಗಳನ್ನೂ ಲೋಹದ ಚಕ್ರಗಳು ಏಕಕಾಲಕ್ಕೆ ದಾಟಿ ಮತ್ತೆ ಶಾರ್ಟ್ ಆಗುತ್ತದೆ. ಸಾಮಾನ್ಯ ಡಿಸಿಯಲ್ಲಿ ಈ ತುಂಡಿಗೆ ಧನ-ಋಣ ಧ್ರುವಗಳನ್ನು ಅದಲುಬದಲು ಮಾಡುವ ಪ್ರತ್ಯೇಕ ರಿವರ್ಸಿಂಗ್ ಸ್ವಿಚ್ ಬೇಕು. ರೈಲು ಲೂಪಿನೊಳಗೆ ಇರುವಾಗಲೇ ಮುಖ್ಯ ಮಾರ್ಗದ ಧ್ರುವವನ್ನು ಬದಲಿಸಬೇಕು. ಡಿಸಿಸಿಯಲ್ಲಿ ಎಂಜಿನ್ ಸಾಗುವ ದಿಕ್ಕು ಹಳಿಯ ಧ್ರುವವನ್ನು ಅವಲಂಬಿಸಿಲ್ಲವಾದ್ದರಿಂದ, ಆಟೊ ರಿವರ್ಸರ್ ಎಂಬ ಸಣ್ಣ ಘಟಕವು ರೈಲನ್ನು ನಿಲ್ಲಿಸದೆಯೇ ಲೂಪಿನ ಧ್ರುವವನ್ನು ಬದಲಿಸಿ ಮುಗಿಸುತ್ತದೆ.

ಪ್ರಶ್ನೆ: ಕಪ್ಪಾದ ಹಳಿಯನ್ನು ಮರಳುಕಾಗದದಿಂದ ಉಜ್ಜಬಹುದೇ?

ಉತ್ತರ: ಬೇಡ. ಅದು ಮಾಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಸೇರಿಕೊಳ್ಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಒರೆಸುವಾಗ ಪವರ್ ಪ್ಯಾಕ್ ಆರಿಸಿ, ಕಿಟಕಿ ತೆರೆದಿಡಿ. ಎಂಜಿನ್ ಮತ್ತು ಬೋಗಿಗಳ ಚಕ್ರಗಳನ್ನೂ ಅದೇ ದಿನ ಒರೆಸದಿದ್ದರೆ ಹಳಿ ಮತ್ತೆ ಕಪ್ಪಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.